ಸ್ವೆಟರ್ ಮಾರಿ ಬಂದ ಮೇಲೆ ಫುಟ್‌ಬಾಲ್

ಮುಂಡಗೋಡದ ಟಿಬೆಟನ್ ಕಾಲೊನಿಯ ಫುಟ್‌ಬಾಲ್ ತಂಡ ಈ ಸಲ ಹೇಗಿದ್ದೀತು ಎಂದು ತಿಳಿಯಬೇಕಾದರೆ ಮೈದಾನಕ್ಕೆ ಹೋಗಿ ಪ್ರಯೋಜನವಿಲ್ಲ. ಮೊದಲು ಲೂಧಿಯಾನದ ಉಣ್ಣೆ ಬಟ್ಟೆಯ ಪೇಟೆಯನ್ನು ವಿಚಾರಿಸಬೇಕು. ಕಾಲೊನಿಯ ಎಷ್ಟೋ ಕುಟುಂಬಗಳು ಅಲ್ಲಿಂದ ಸ್ವೆಟರು, ಶಾಲುಗಳನ್ನು ಉದ್ದರಿ ತಂದು, ಅಕ್ಟೋಬರಿನಿಂದ ಜನವರಿಯವರೆಗೆ ದೇಶದ ಯಾವ ಯಾವುದೋ ಊರಿನ ಬೀದಿ ಬದಿಯಲ್ಲಿ ಡೇರೆ ಹಾಕಿ ಮಾರುತ್ತವೆ. ಅಪ್ಪ ಅಮ್ಮನ ಜತೆ ಮಗನೂ ಹೋಗುತ್ತಾನೆ. ಆ ಮಗನೇ ತಂಡದ ಸೆಂಟರ್ ಫಾರ್ವರ್ಡ್ ಆಗಿದ್ದರೆ ನಾಲ್ಕು ತಿಂಗಳು ಅವನ ಕಾಲಿಗೆ ಚೆಂಡು ಸಿಗುವುದಿಲ್ಲ. ಚಳಿ ಚೆನ್ನಾಗಿ ಬಿದ್ದರೆ ವ್ಯಾಪಾರ ಬೇಗ ಮುಗಿದು ಹುಡುಗರು ಬೇಗ ಮನೆಗೆ ಬಂದಾರು. ಚಳಿ ಕೈಕೊಟ್ಟರೆ ಸಾಲ ತೀರುವತನಕ ಫುಟ್‌ಬಾಲಿನ ಮಾತೇ ಇಲ್ಲ. ಹೇಗೂ ಲೋಸರ್, ಎಂದರೆ ಟಿಬೆಟನ್ ಹೊಸ ವರ್ಷದ ಹೊತ್ತಿಗೆ ಎಲ್ಲರೂ ಮನೆ ಸೇರಿರುತ್ತಾರೆ. ಸಾಮಾನ್ಯವಾಗಿ ಫೆಬ್ರುವರಿಯಲ್ಲೋ ಮಾರ್ಚಿನಲ್ಲೋ ಬರುವ ಆ ಹಬ್ಬದ ಊಟ ಕರಗಿಸುವುದೇ ತಂಡದ ಮೊದಲ ತಾಲೀಮು.

1966ರಲ್ಲಿ ಕಾಡಂಚಿನ ಸುಮಾರು 4,000 ಎಕರೆಯಲ್ಲಿ ನೆಲೆಗೊಂಡ ಈ ವಸತಿಗೆ ಅವರು ಇಟ್ಟುಕೊಂಡ ಹೆಸರು ಡೋಗುಲಿಂಗ್. ಗೃಹಸ್ಥರದು ಒಂಬತ್ತು ಕ್ಯಾಂಪು, ಲಾಮಾಗಳದು ಎರಡು. ಗಾಂದೆನ್, ಡ್ರೆಪುಂಗ್ ಮಠಗಳ ಚಿನ್ನದ ಬಣ್ಣದ ಮಾಡು ನೋಡಲು ಹುಬ್ಬಳ್ಳಿಯಿಂದ ಭಾನುವಾರ ಕಾರು ಕಟ್ಟಿಕೊಂಡು ಬರುವವರಿಗೆ ಇಲ್ಲಿ ಫುಟ್‌ಬಾಲ್ ತಂಡವೊಂದಿದೆ ಎಂಬುದು ಗೊತ್ತಿರುವುದು ಅಷ್ಟಕ್ಕಷ್ಟೆ. ಮೋಮೊ ತಿಂದು, ಫೋಟೊ ಹೊಡೆದುಕೊಂಡು ಅವರು ಹಿಂದಿರುಗುತ್ತಾರೆ.

ತಂಡದ ಕಣ್ಣಿರುವುದು ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಚಿನ್ನದ ಕಪ್ಪಿನ ಮೇಲೆ. ದಲೈ ಲಾಮಾ ಅವರ ತಾಯಿ 1981ರ ಜನವರಿಯಲ್ಲಿ ಧರ್ಮಶಾಲೆಯಲ್ಲಿ ತೀರಿಕೊಂಡರು. ಅವರ ನೆನಪಿಗೆ ಅದೇ ವರ್ಷ ಹುಟ್ಟಿದ ಪಂದ್ಯಾವಳಿ ಇದು. ನಿರಾಶ್ರಿತ ಟಿಬೆಟನ್ನರ ವಸತಿಗಳೆಲ್ಲ ತಮ್ಮ ತಮ್ಮ ತಂಡ ಕಳಿಸುವ ಆಟ. ನಮ್ಮಲ್ಲಿ ಊರ ಜಾತ್ರೆಗೆ ಎಲ್ಲೆಲ್ಲಿದ್ದವರೂ ಬಂದು ಸೇರುವುದಿಲ್ಲವೇ, ಹಾಗೆ. ದೇಶವೇ ಕೈತಪ್ಪಿದವರಿಗೆ ರಾಷ್ಟ್ರೀಯ ಲೀಗ್ ಎಂದರೂ ಇದೇ, ವಿಶ್ವಕಪ್ ಎಂದರೂ ಇದೇ. ‘ಟಿಬೆಟ್’ ಎಂದು ಬರೆದ ಅಂಗಿ ತೊಡಬೇಕೆನ್ನುವ ಹುಡುಗ ತನ್ನ ಕಾಲ್ಚಳಕ ತೋರಿಸಬೇಕಾದದ್ದೂ ಇಲ್ಲಿಯೇ.

ಆ ಅಂಗಿಯ ಕಥೆ ಸಣ್ಣದಲ್ಲ. ಟಿಬೆಟ್ ಫಿಫಾದ ಸದಸ್ಯನಲ್ಲ, ಆಗುವ ಹಾಗೂ ಇಲ್ಲ. ಆದರೂ 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಟಿಬೆಟ್ ತಂಡ ಇಳಿಯಿತು. ಚೀನಾ ಕಣ್ಣು ಕೆಂಪು ಮಾಡಿತು, ಪಂದ್ಯ ನಡೆಯಿತು, ಟಿಬೆಟ್ 1-4ರಿಂದ ಸೋತಿತು. ಸೋತ ತಂಡದವರು ಗೆದ್ದವರಿಗಿಂತ ಹೆಚ್ಚು ಹಿಗ್ಗಿದ ಪಂದ್ಯಗಳಲ್ಲಿ ಅದನ್ನೂ ಸೇರಿಸಬಹುದು. ಮುಂದೆ 2006ರಲ್ಲಿ ಹ್ಯಾಂಬರ್ಗ್, 2018ರಲ್ಲಿ ಫಿಫಾದ ಹೊರಗಿನವರಿಗಾಗಿ ಲಂಡನ್ನಿನಲ್ಲಿ ನಡೆದ ಕೊನಿಫಾ ವಿಶ್ವಕಪ್. ಹುಡುಗಿಯರದು ಇನ್ನೂ ಕಷ್ಟ. 2017ರಲ್ಲಿ ಅಮೆರಿಕದ ಡಲಾಸಿನಲ್ಲಿ ಆಡಲು ಆಹ್ವಾನ ಬಂದಿದ್ದ ಟಿಬೆಟನ್ ಬಾಲಕಿಯರಿಗೆ ವೀಸಾ ಕೊಡಲಿಲ್ಲ. ಆಫ್‌ಸೈಡ್ ಆಗುವುದಕ್ಕೆ ಮೈದಾನಕ್ಕೇ ಇಳಿಯಬೇಕೆಂದಿಲ್ಲ.

ಇನ್ನು ಈ ಸಲದ ಲೆಕ್ಕಾಚಾರ. ಮುಂಡಗೋಡದ ಎದುರಾಳಿಗಳಲ್ಲಿ ಬೈಲಕುಪ್ಪೆಯದು ದೊಡ್ಡ ವಸತಿ, ಹನ್ನೊಂದು ಮಂದಿಯನ್ನು ಆರಿಸಲು ಅಲ್ಲಿ ಹುಡುಗರು ಹೆಚ್ಚು. ಧರ್ಮಶಾಲೆಯಲ್ಲಿ ವಸತಿ ಶಾಲೆಯ ಹುಡುಗರಿದ್ದಾರೆ. ಅವರು ಒಂದೇ ಕಡೆ ಉಂಡು, ಮಲಗಿ, ಸಂಜೆ ಒಟ್ಟಿಗೆ ಆಡುವವರು. ಪಂದ್ಯ ಅಲ್ಲೇ ಇದ್ದರಂತೂ ಸಮುದ್ರ ಮಟ್ಟದಿಂದ 1,400 ಮೀಟರಿಗೂ ಎತ್ತರದ ಗಾಳಿ ಅವರಿಗೆ ಅಭ್ಯಾಸವಾದದ್ದು. ಮುಂಡಗೋಡದ ಬಯಲಿನಿಂದ ಹೋದ ಹುಡುಗ ಮೊದಲರ್ಧದಲ್ಲಿ ಚಿರತೆಯಂತೆ ಓಡಿ ಎರಡನೆಯ ಅರ್ಧದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಬೈಯುವಂತಿಲ್ಲ. ಟಿಬೆಟನ್ನರಿಗೆ ಎತ್ತರ ಬಾಧಿಸುವುದೇ ಎಂದು ನಗುವವರು ಒಂದನ್ನು ನೆನಪಿಡಬೇಕು: ಇವರು ಹುಟ್ಟಿದ್ದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಹಿಮ ನೋಡದವರೂ ಇದ್ದಾರೆ.

ಆದರೆ ಎತ್ತರ ಹೋಗಲಿ, ಆಟಗಾರರೇ ಎಲ್ಲಿ ಎನ್ನುವುದು ನಿಜವಾದ ತಲೆನೋವು. ಭಾರತದಲ್ಲಿದ್ದ ಟಿಬೆಟನ್ನರು 2011ರಲ್ಲಿ ಸುಮಾರು ಒಂದೂವರೆ ಲಕ್ಷ. 2018ರ ಹೊತ್ತಿಗೆ 85 ಸಾವಿರಕ್ಕೆ ಇಳಿದಿದ್ದರೆಂದು ಸರ್ಕಾರದ ಅಂಕಿಯನ್ನೇ ಪತ್ರಿಕೆಗಳು ಅಚ್ಚುಹಾಕಿದವು. ಹೋದವರು ಅಮೆರಿಕ, ಕೆನಡಾ, ಫ್ರಾನ್ಸ್ ಸೇರಿದರು. ಹೋಗುವವರು ಮುದುಕರಲ್ಲ, ಹದಿನೆಂಟರಿಂದ ಮೂವತ್ತರ ನಡುವಿನವರು, ಎಂದರೆ ಸರಿಯಾಗಿ ಫುಟ್‌ಬಾಲಿನ ವಯಸ್ಸಿನವರು. ಉಳಿದವರಲ್ಲಿ ಕಾಲೇಜಿಗೆಂದು ಹುಬ್ಬಳ್ಳಿ, ಮೈಸೂರು, ಬೆಂಗಳೂರು ಸೇರಿದವರು ರಜೆಗೆ ಮಾತ್ರ ಕ್ಯಾಂಪಿಗೆ ಬರುತ್ತಾರೆ. ಕಾಲೇಜಿನ ಪರೀಕ್ಷೆಯ ವೇಳಾಪಟ್ಟಿಯೂ ಕಪ್ಪಿನ ವೇಳಾಪಟ್ಟಿಯೂ ತಾಳೆಯಾದ ವರ್ಷ ತಂಡದ ಅದೃಷ್ಟ. ಆಗದ ವರ್ಷ, ಸೆಮಿಸ್ಟರ್ ಪರೀಕ್ಷೆ ಬಿಟ್ಟು ಬಾ ಎಂದು ಯಾವ ತಾಯಿಯ ಮುಂದೆ ಹೇಳುವುದು?

ಫಾರ್ವರ್ಡ್ ಹೋದರೆ ಇನ್ನೊಬ್ಬ ಓಡುವ ಹುಡುಗ ಸಿಕ್ಕಾನು. ಗೋಲ್‌ಕೀಪರನೂ ಸೆಂಟರ್ ಹಾಫೂ ಒಂದೇ ವರ್ಷ ವಿಮಾನ ಹತ್ತಿದರೆ ಆ ಗುಂಡಿ ಮುಚ್ಚಲು ಮೂರು ವರ್ಷ ಬೇಕು. ಸಣ್ಣ ವಸತಿಯ ತಂಡ ನಿಲ್ಲುವುದು ಒಬ್ಬರ ಸ್ವಭಾವ ಒಬ್ಬರಿಗೆ ಗೊತ್ತಿರುವುದರಿಂದಲೇ. ಆರನೆಯ ಕ್ಯಾಂಪಿನವನು ಎಡಗಾಲಲ್ಲಿ ಹೊಡೆಯುತ್ತಾನೆಂದು ಮೂರನೆಯ ಕ್ಯಾಂಪಿನವನಿಗೆ ಚಡ್ಡಿ ಹಾಕುವ ಕಾಲದಿಂದ ಗೊತ್ತಿರಬೇಕು. ಈಗ ಆ ಪರಿಚಯ ಬೆಳೆಯುವ ಮುಂಚೆಯೇ ಒಬ್ಬ ಟೊರಾಂಟೊದಲ್ಲಿರುತ್ತಾನೆ. ಅಲ್ಲಿಂದ ಬೂಟು ಕೊಳ್ಳಲು ದುಡ್ಡು ಕಳಿಸುತ್ತಾನೆ, ನಿಜ. ಬೂಟು ತಾನಾಗಿ ಆಡುವುದಿಲ್ಲ.

ಹೊರಗಿನಿಂದ ಕೋಚ್ ಕರೆಸೋಣವೆಂದರೆ ವಿದೇಶಿಯರು ಈ ಕಾಲೊನಿಯಲ್ಲಿ ಉಳಿಯಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಪರವಾನಗಿ ಬೇಡದ ದಾರಿಯೊಂದು ಹತ್ತಿರದಲ್ಲೇ ಇದೆ. ಬೆಳಗಾವಿಯಲ್ಲಿ ಫುಟ್‌ಬಾಲ್ ಬಲ್ಲವರಿದ್ದಾರೆ, ಗೋವಾ ದೂರವಿಲ್ಲ. ಅಲ್ಲಿಯ ತಂಡಗಳೊಂದಿಗೆ ನಾಲ್ಕು ಸ್ನೇಹಪಂದ್ಯ ಆಡಿದರೆ ಆಗುವ ಲಾಭ ತಮ್ಮತಮ್ಮಲ್ಲೇ ನಲವತ್ತು ಸಲ ಆಡಿದರೂ ಆಗದು. ಜಿಲ್ಲೆಯ ಕ್ರೀಡಾ ಇಲಾಖೆಯೂ ಇತ್ತ ತಿರುಗಿ ನೋಡಬಹುದು. ಇದೇ ಸೀಮೆಯ ಸಿದ್ದಿ ಮಕ್ಕಳನ್ನು 1987ರಲ್ಲಿ ಕ್ರೀಡಾ ಪ್ರಾಧಿಕಾರ ಓಟಕ್ಕೆಂದು ಆರಿಸಿ ಕರೆದೊಯ್ದು, ಕೆಲವೇ ವರ್ಷಗಳಲ್ಲಿ ಯೋಜನೆಯನ್ನೇ ನಿಲ್ಲಿಸಿದ್ದನ್ನು ಕಂಡವರಿಗೆ ಈ ಮಾತಿನಲ್ಲಿ ಹೆಚ್ಚು ನಂಬಿಕೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಪ್ರೇಕ್ಷಕರಿಗಂತೂ ಬರವಿಲ್ಲ. ಸಂಜೆ ಮೈದಾನದ ಅಂಚಿನಲ್ಲಿ ಕುಂಕುಮ ಬಣ್ಣದ ನಿಲುವಂಗಿಯ ಎಳೆಯ ಭಿಕ್ಷುಗಳು ನಿಂತಿರುತ್ತಾರೆ. ಹಿಂದೆ ಇವರ ಹಿರಿಯರು ಈ ಆಟವನ್ನು ಸಹಿಸಿರಲಿಲ್ಲ. ಲಾಸಾದಲ್ಲಿ ಒಮ್ಮೆ ಪಂದ್ಯದ ನಡುವೆ ಆಲಿಕಲ್ಲು ಮಳೆ ಸುರಿದು ಹಾನಿಯಾಯಿತೆಂದು ಫುಟ್‌ಬಾಲನ್ನೇ ನಿಷೇಧಿಸಿದ್ದರೆಂದು ಟಿಬೆಟ್‌ನಲ್ಲಿ ಏಳು ವರ್ಷ ಕಳೆದ ಹೈನ್ರಿಷ್ ಹಾರರ್ ಬರೆದಿದ್ದಾನೆ. ಇಂದಿನ ಮರಿ ಲಾಮಾಗಳಿಗೆ ಮೆಸ್ಸಿ, ರೊನಾಲ್ಡೊ ಇಬ್ಬರ ಜಾತಕವೂ ಬಾಯಿಪಾಠ.

ಕಪ್ಪು ಬರುತ್ತದೆಯೇ? ಹಳೆಯ ಗೋಲ್‌ಕೀಪರ್ ಇನ್ನೊಂದು ವರ್ಷ ನಿಂತು, ಕಾಲೇಜಿನ ಹುಡುಗರಿಗೆ ರಜೆ ಸಿಕ್ಕು, ಏಪ್ರಿಲ್‌ನ ಉರಿಬಿಸಿಲಿನಲ್ಲಿ ಬೆಳಿಗ್ಗೆ ಐದೂವರೆಗೆ ಏಳುವ ಹಠ ಉಳಿದರೆ ಸೆಮಿಫೈನಲ್ ದೂರವಲ್ಲ. ಅದರಾಚೆಯ ಮಾತು ಬೈಲಕುಪ್ಪೆಯಿಂದ ಈ ವರ್ಷ ಎಷ್ಟು ಮಂದಿ ವಿಮಾನ ಹತ್ತಿದ್ದಾರೆ ಎಂಬುದರ ಮೇಲಿದೆ.