ಫೋನಿನಲ್ಲಿ ವೈದ್ಯರು, ಊರಿನಲ್ಲಿ ಇನ್ಸುಲಿನ್

ಜನ ಸಕ್ಕರೆ ಬ್ಯಾನಿ ಎಂದು ಒಂದೇ ಹೆಸರಿನಿಂದ ಕರೆಯುವ ರೋಗದಲ್ಲಿ ಬಗೆಗಳುಂಟು. ಮೊದಲನೆಯ ಬಗೆಯಲ್ಲಿ ಇನ್ಸುಲಿನ್ ತಯಾರಿಸುವ ಶಕ್ತಿಯನ್ನೇ ಶರೀರವು ಕಳೆದುಕೊಳ್ಳುತ್ತದೆ. ಇದು ಮಕ್ಕಳಿಗಷ್ಟೇ ಬರುವುದೆಂಬ ಮಾತು ಸರಿಯಲ್ಲ. ದುಡಿಯುವ ವಯಸ್ಸಿನವರಿಗೂ ಬರುತ್ತದೆ. ಗುಳಿಗೆಯಾಗಲಿ ಪಥ್ಯವಾಗಲಿ ಇವರಿಗೆ ಸಾಲದು. ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ.

ಆದರೆ ದಿನವೂ ಒಂದೇ ಅಳತೆಯಲ್ಲಿ ಚುಚ್ಚಿಕೊಳ್ಳುವ ಔಷಧ ಇದಲ್ಲ. ಬೇಳೆ ಮಿಲ್ಲಿನಲ್ಲಿ ಚೀಲ ಹೊತ್ತ ದಿನ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು. ಕೂಡಲೇ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಬೇಕು. ಜ್ವರ ಬಂದ ದಿನ ಅದೇ ಸಕ್ಕರೆ ಏರುತ್ತದೆ. ಆದುದರಿಂದ ಅಳತೆ ತಿದ್ದಲು ಆಗಾಗ ವೈದ್ಯರ ಸಲಹೆ ಬೇಕು. ಕಮಲಾಪುರದ ಅಂಗಡಿಕಾರ ಬಾಗಿಲು ಮುಚ್ಚಿ, ಬಸ್ಸು ಹಿಡಿದು, ಕಲಬುರಗಿಯಲ್ಲಿ ಸರತಿ ಕಾದರೆ ಆ ದಿನದ ವ್ಯಾಪಾರ ಹೋಯಿತು. ಜಗತ್ ಬಡಾವಣೆಯ ಮಿಲ್ ಕಾರ್ಮಿಕನಿಗೆ ದಾರಿ ಹತ್ತಿರವಾದೀತು, ಕೂಲಿಯ ನಷ್ಟ ತಪ್ಪದು.

ಫೋನಿನ ಮೂಲಕ ವೈದ್ಯರನ್ನು ಕಾಣುವ ವ್ಯವಸ್ಥೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಇದಕ್ಕೆ ಸರಕಾರವು 2020ರ ಮಾರ್ಚ್‌ನಲ್ಲಿ ನಿಯಮಗಳನ್ನು ಹೊರಡಿಸಿತು. 'ಇ-ಸಂಜೀವನಿ' ಸೇವೆಗೆ ಶುಲ್ಕವಿಲ್ಲ. ವಾರದ ಸಕ್ಕರೆಯ ಅಂಕೆ, ಊಟದ ಹೊತ್ತು, ಕೆಲಸದ ಪಾಳಿ ಬರೆದಿಟ್ಟು ತಿಳಿಸಿದರೆ ವೈದ್ಯರು ದೂರದಿಂದಲೇ ಅಳತೆ ತಿದ್ದಬಲ್ಲರು. ವಾಂತಿ, ಏದುಸಿರು, ಮಂಪರು ಕಂಡರೆ ಮಾತ್ರ ಫೋನು ಬಿಟ್ಟು ನೇರವಾಗಿ ಆಸ್ಪತ್ರೆಗೆ ಓಡಬೇಕು.

ಆದರೆ ಅಂಕೆ ಎಲ್ಲಿಂದ ಬರಬೇಕು? ಬೆರಳು ಚುಚ್ಚಿ ನೋಡುವ ಪಟ್ಟಿಗೆ ಪ್ರತಿಸಲವೂ ಹಣ ಬೇಕು. ಪಟ್ಟಿ ಕೊಡದೆ ಅಂಕೆ ಕೇಳುವುದೆಂದರೆ ತಕ್ಕಡಿ ಕೊಡದೆ ತೂಕ ಕೇಳಿದಂತೆ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಹಕ್ಕನ್ನು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅದು ಎಲ್ಲರಿಗೂ ಸಿಗಲೆಂಬುದೇ ಉದ್ದೇಶ. ನೂರು ವರ್ಷ ಕಳೆದರೂ ಬಡವನು ಸೀಸೆಯ ಬೆಲೆ ಕೇಳಿ ಹಿಂದೆಗೆಯಬೇಕೇ?

ನಮ್ಮ ಬೇಡಿಕೆ ಮೂರು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇನ್ಸುಲಿನ್, ಸಿರಿಂಜು, ಪಟ್ಟಿ ಉಚಿತವಾಗಿ ತಪ್ಪದೆ ಸಿಗಬೇಕು. ವಾರಕ್ಕೊಂದು ಗೊತ್ತಾದ ದಿನ, ರೋಗಿಯ ಹಿಂದಿನ ಲೆಕ್ಕ ಬಲ್ಲ ಅದೇ ವೈದ್ಯರು ಫೋನಿನಲ್ಲಿ ದೊರೆಯಬೇಕು. ಮಿಲ್ಲಿನಲ್ಲಿ ಚುಚ್ಚಿಕೊಳ್ಳಲು, ವೈದ್ಯರೊಡನೆ ಮಾತನಾಡಲು ಕೂಲಿ ಕಡಿಯದೆ ಬಿಡುವು ಕೊಡಬೇಕು.

ಬಂಧುಗಳೇ, ಇದು ದಾನದ ಮಾತಲ್ಲ. ಗ್ರಾಮ ಸಭೆಯಲ್ಲಿ, ಸಂಘದ ಸಭೆಯಲ್ಲಿ ಈ ಮೂರನ್ನೂ ಎತ್ತಿರಿ. ಸಲಹೆ ತಂತಿಯಿಲ್ಲದೆ ಬಂದೀತು. ಔಷಧ ಮಾತ್ರ ಕೈಗೇ ಬರಬೇಕು.