ಇಲ್ಲದ ಊರಿನ ಕಥೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಚಂದ್ರಾ ಲೇಔಟಿನಲ್ಲಿ ಸಂಜೆಯ ಹೊತ್ತು ಆಡಲು ಹೊರಟ ಬಾಲಕನಿಗೆ ಬಯಲು ಸುಲಭವಾಗಿ ದೊರೆಯದು. ಎದುರಿಗೆ ಮನೆಗಳ ಸಾಲು. ಬೀದಿಯ ಎರಡು ಮಗ್ಗುಲಲ್ಲಿಯೂ ನಿಂತ ವಾಹನಗಳು. ಆತನು ಮನೆಯೊಳಕ್ಕೆ ಬಂದು ಗಣಕಯಂತ್ರದ ಮುಂದೆ ಕುಳಿತನೆಂದರೆ ಕ್ಷಣಾರ್ಧದಲ್ಲಿ ಬೆಟ್ಟ, ಕಾಡು, ನದಿ, ಗಣಿಗಳಿಂದ ಕೂಡಿದ ವಿಶಾಲವಾದ ನಾಡೊಂದು ಅವನ ಕಣ್ಣೆದುರು ತೆರೆದುಕೊಳ್ಳುತ್ತದೆ. ಕೆಂಗೇರಿಯಲ್ಲಿರುವ ಗೆಳೆಯನೂ ಅದೇ ವೇಳೆಗೆ ಅದೇ ನಾಡನ್ನು ಪ್ರವೇಶಿಸಬಲ್ಲನು. ಇಬ್ಬರೂ ಕೂಡಿ ಕಲ್ಲು ಅಗೆಯುತ್ತಾರೆ, ಮರ ಕಡಿಯುತ್ತಾರೆ, ಮನೆ ಕಟ್ಟುತ್ತಾರೆ. ವರ್ಚುವಲ್ ಜಗತ್ತು ಎಂದು ಹೆಸರಾಗಿರುವುದು ಇದೇ. ಅದು ಕಣ್ಣಿಗೆ ಕಾಣುವುದು, ಕೈಗೆ ಎಟುಕದು. ಸ್ವೀಡನ್ ದೇಶದಲ್ಲಿ ಹುಟ್ಟಿ 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಮೈನ್‌ಕ್ರಾಫ್ಟ್’ ಇಂಥ ಜಗತ್ತುಗಳಲ್ಲಿ ಬಹು ಪ್ರಸಿದ್ಧವಾದುದು. 2023ರ ವೇಳೆಗೆ ಅದರ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಆಟ ಮುಗಿದ ಮೇಲೆ ಕೆಲವು ಮಕ್ಕಳು ಸುಮ್ಮನಿರುವುದಿಲ್ಲ. ತಾವು ಕಟ್ಟಿದ ಊರಿನಲ್ಲಿ ಯಾರು ಯಾರಿದ್ದರು, ಏನೇನು ನಡೆಯಿತು ಎಂದು ಕಥೆ ಬರೆದು ಗೆಳೆಯರಿಗೆ ಓದಲು ಕೊಡುತ್ತಾರೆ. ಇದನ್ನು ಕಂಡ ಹಿರಿಯರು, “ಆಟದಲ್ಲಿ ಹೊತ್ತು ಕಳೆದದ್ದು ಸಾಲದೆಂದು ಅದರ ಕಥೆ ಬೇರೆ!” ಎಂದು ಗೊಣಗುವುದುಂಟು. ಆಟದ ಗೀಳಿನ ಬಗೆಗೆ ಹಿರಿಯರಿಗಿರುವ ಆತಂಕ ನ್ಯಾಯವಾದುದೇ. ಆದರೆ ಆಟಕ್ಕೆ ಸಲ್ಲಬೇಕಾದ ಬೈಗುಳವನ್ನು ಬರೆವಣಿಗೆಗೂ ಹಂಚುವುದು ಸರಿಯಲ್ಲ.

ಇಲ್ಲದ ಊರಿನ ಕಥೆಯನ್ನು ಬರೆಯುವುದು ನಮಗೆ ಹೊಸದೇನೂ ಅಲ್ಲ. ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿ ಮಾಲ್ಗುಡಿ ಎಂಬ ಊರನ್ನು ಸೃಷ್ಟಿಸಿದರು. ಅದು ಯಾವ ಭೂಪಟದಲ್ಲಿಯೂ ಇರಲಿಲ್ಲ. ಶಂಕರ್ ನಾಗ್ ಅವರು 1986ರಲ್ಲಿ ಆ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸಿದಾಗ ಆಗುಂಬೆಯ ಬೀದಿಗಳೇ ಮಾಲ್ಗುಡಿಯ ಬೀದಿಗಳಾದವು. 2020ರಲ್ಲಿ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೂ ಬಂದಿತು. ಇಲ್ಲದ ಊರಿಗೆ ಇರುವ ನಿಲ್ದಾಣ!

“ಮಾಲ್ಗುಡಿ ನಾರಾಯಣರದೇ ಸೃಷ್ಟಿ, ಆಟದ ಜಗತ್ತನ್ನಾದರೋ ಬೇರೆ ಯಾರೋ ನಿರ್ಮಿಸಿದ್ದಾರೆ. ಎರವಲು ಲೋಕದಲ್ಲಿ ಬರೆದ ಕಥೆ ಸ್ವಂತದ್ದು ಹೇಗಾದೀತು?” ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಕರಾವಳಿ ಮತ್ತು ಮಲೆನಾಡುಗಳ ತಾಳಮದ್ದಳೆಯೇ ತಕ್ಕ ಉತ್ತರ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ. ಕುಳಿತಿರುವ ಅರ್ಥಧಾರಿಗಳು ಆ ಪಾತ್ರವೇ ತಾವಾಗಿ ಸ್ವಂತ ಮಾತಿನಲ್ಲಿ ಅದನ್ನು ವಿಸ್ತರಿಸುತ್ತಾರೆ. ಲೋಕವು ರಾಮಾಯಣದ್ದು ಅಥವಾ ಭಾರತದ್ದು, ಪ್ರಸಂಗವು ಹಿಂದಿನ ಕವಿಯದು, ಮಾತು ಮಾತ್ರ ಆ ರಾತ್ರಿಯದು. ಬಾಣ ತಗುಲಿ ಬಿದ್ದ ವಾಲಿಯು, ಮರೆಯಲ್ಲಿ ನಿಂತು ಹೊಡೆದುದೇಕೆ ಎಂದು ರಾಮನನ್ನು ಕೇಳುತ್ತಾನೆ. ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಅದನ್ನು ಇಂದು ಯಾವ ಮೊನೆಯಿಂದ ಕೇಳುವನೆಂಬುದು ರಾಮನ ಅರ್ಥಧಾರಿಗೆ ತಿಳಿದಿರುವುದಿಲ್ಲ. ಅವನು ಅಲ್ಲಿಯೇ ಯೋಚಿಸಿ ಉತ್ತರಿಸಬೇಕು. ಉತ್ತರ ಸಡಿಲವಾದರೆ ಎದುರಾಳಿ ಬಿಡುವುದಿಲ್ಲ, ಸಭೆಯೂ ಒಪ್ಪುವುದಿಲ್ಲ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಅರ್ಥಗಾರಿಕೆಯಿಂದಲೇ ಮನೆಮಾತಾದವರು. ಅವರ ಮಾತನ್ನು ಎರವಲು ಎಂದು ಯಾರು ತಾನೆ ಹೇಳಿಯಾರು?

ಮಕ್ಕಳ ಬರೆವಣಿಗೆಯದೇ ನಿದರ್ಶನ ಬೇಕೆಂದರೆ ಇಂಗ್ಲೆಂಡಿನ ಬ್ರಾಂಟೆ ಮಕ್ಕಳಿದ್ದಾರೆ. 1826ರಲ್ಲಿ ತಂದೆ ತಂದುಕೊಟ್ಟ ಮರದ ಸಿಪಾಯಿ ಗೊಂಬೆಗಳಿಗೆ ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ, ಆನ್ ಎಂಬ ನಾಲ್ವರು ಹೆಸರಿಟ್ಟರು. ಆ ಗೊಂಬೆಗಳಿಗೆಂದು ಪಟ್ಟಣ ಬಂತು, ಮುಂದೆ ಆಂಗ್ರಿಯಾ, ಗೊಂಡಾಲ್ ಎಂಬ ರಾಜ್ಯಗಳು ಬಂದವು. ಅಂಗೈಗಿಂತ ಚಿಕ್ಕದಾದ ಪುಸ್ತಕಗಳನ್ನು ಹೊಲಿದು, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆ ರಾಜ್ಯಗಳ ಕಥೆ ಬರೆದರು. ಒಬ್ಬರು ಬರೆದುದಕ್ಕೆ ಮನೆಯ ಉಳಿದವರೇ ಓದುಗರು, ಅವರೇ ವಿಮರ್ಶಕರು. ಆ ಮೂವರು ಸೋದರಿಯರ ಕಾದಂಬರಿಗಳು 1847ರಲ್ಲಿ ಹೊರಬಂದಾಗ ಜಗತ್ತು ಬೆರಗಾಯಿತು. ಆದರೆ ಅದಕ್ಕೂ ಮೊದಲೇ, ಸುಮಾರು 1839ರಲ್ಲಿ, ಷಾರ್ಲೆಟ್ ಆಂಗ್ರಿಯಾಕ್ಕೆ ವಿದಾಯ ಹೇಳಿ ಒಂದು ಬರಹ ಬರೆದಿದ್ದಳೆಂಬುದನ್ನು ಮರೆಯಬಾರದು. ಆ ಲೋಕ ಅವಳಿಗೆ ಅಷ್ಟು ಪ್ರಿಯವಾಗಿತ್ತು. ಅದನ್ನು ಬಿಟ್ಟು ಬರುವುದೂ ಅಷ್ಟೇ ಕಷ್ಟವಾಗಿತ್ತು.

ಹಾಗೆಂದು ಆಟದ ವರದಿಯೆಲ್ಲವೂ ಕಥೆಯಾಗುವುದಿಲ್ಲ. “ಗುಹೆಗೆ ಹೋದೆವು, ವಜ್ರ ಸಿಕ್ಕಿತು, ಶತ್ರು ಬಂದನು, ಕೊಂದೆವು” ಎಂಬುದು ಲೆಕ್ಕದ ಪುಸ್ತಕ. ಆಟಕ್ಕೂ ಕಥೆಗೂ ಇರುವ ಮುಖ್ಯವಾದ ಅಂತರ ಸಾವಿನಲ್ಲಿದೆ. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಸತ್ತವನು ಮರುಕ್ಷಣವೇ ಎದ್ದು ನಿಲ್ಲುತ್ತಾನೆ. ಕೈಯಲ್ಲಿದ್ದ ಸಾಮಾನು ಕಳೆದುಕೊಂಡದ್ದೇ ಅವನಿಗಾದ ದುಃಖ. ತಾಳಮದ್ದಳೆಯ ವಾಲಿಯಾದರೋ ಎಷ್ಟು ಚೆನ್ನಾಗಿ ವಾದಿಸಿದರೂ ಮತ್ತೆ ಏಳುವುದಿಲ್ಲ. ಅವನು ಏಳುವುದಿಲ್ಲವೆಂದೇ ಅವನ ಮಾತಿಗೆ ಅಷ್ಟು ತೂಕ. ಆಟದ ಊರಿನ ಕಥೆ ಬರೆಯುವ ಬಾಲಕನು ಒಂದು ಕ್ಷಣ ತಡೆದು, ತನ್ನ ಊರಿನಲ್ಲಿ ಸತ್ತವರು ಏಳುವುದಿಲ್ಲ ಎಂದು ನಿಶ್ಚಯಿಸಿಕೊಳ್ಳಲಿ. ಆಗ ಬಾಗಿಲಲ್ಲಿ ಕಾವಲು ನಿಂತವನಿಗೆ ಹೆದರಿಕೆ ಹುಟ್ಟುತ್ತದೆ. ಅವನಿಗೊಬ್ಬಳು ತಾಯಿ ಬೇಕಾಗುತ್ತಾಳೆ. ಗಣಿಯಿಂದ ತಡವಾಗಿ ಬಂದ ಮಗನಿಗೆ ಅವಳು ಏನೆಂದಾಳು? ಇದಾವುದೂ ಆಟದಲ್ಲಿ ಇಲ್ಲ. ಗಣಕಯಂತ್ರವು ಮಳೆಯನ್ನು ತೋರಿಸೀತು. ಮೊದಲ ಮಳೆಗೆ ಮಣ್ಣಿನಿಂದೇಳುವ ವಾಸನೆಯನ್ನು ಬರೆಯುವವನೇ ತರಬೇಕು.

ಆ ತಾಯಿ ಯಾವ ಭಾಷೆಯಲ್ಲಿ ಮಾತನಾಡುತ್ತಾಳೆ ಎಂಬುದೂ ಸಣ್ಣ ವಿಷಯವಲ್ಲ. ಇಂಥ ಆಟಗಳಲ್ಲಿ ಕಾಣುವ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷಿನವು. ಆದುದರಿಂದ ವಿಚಿತ್ರಲೋಕಗಳ ಕಥೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು, ಕನ್ನಡವು ಪರೀಕ್ಷೆಗೆ ಮಾತ್ರ ಎಂದು ಭಾವಿಸುವ ಮಕ್ಕಳಿದ್ದಾರೆ. ಪಂಪನು 941ರಲ್ಲಿ ಭಾರತದ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡು ಕನ್ನಡದಲ್ಲಿ ಕಾವ್ಯ ಬರೆದನು. ಎಲ್ಲಿಯದೋ ಲೋಕವನ್ನು ಮನೆಯಂಗಳಕ್ಕೆ ತರುವ ಬಲ ಈ ಭಾಷೆಗೆ ಅಂದೇ ಇತ್ತು. ಆಟದ ಊರಿಗೊಂದು ಕನ್ನಡದ ಹೆಸರಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಂಚಿಕೊಳ್ಳುವಾಗ ಎರಡು ಮರ್ಯಾದೆಗಳುಂಟು. ಲೋಕ ಯಾರದೆಂದು ಮೊದಲೇ ಹೇಳಬೇಕು. ಪರರ ಸೃಷ್ಟಿಯಿಂದ ಹಣ ಮಾಡಹೊರಟರೆ ಕಾನೂನು ಅಡ್ಡ ಬಂದೀತು. ಗೆಳೆಯನು ಹುಟ್ಟಿಸಿದ ಪಾತ್ರವನ್ನು ಅವನನ್ನು ಕೇಳದೆ ಕೊಲ್ಲಬಾರದು. ಎರಡನೆಯದನ್ನು ಮುರಿದುದಕ್ಕಾಗಿ ಮಾತು ಬಿಟ್ಟ ಗೆಳೆಯರು ಯಾವ ಶಾಲೆಯಲ್ಲಿ ತಾನೆ ಸಿಕ್ಕರು!

ಇದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಒಂದು ನೋಟುಪುಸ್ತಕ ಸಾಕು. ಹಿಂದೆ ಅನೇಕ ಶಾಲೆಗಳಲ್ಲಿ ಕೈಬರಹದ ಪತ್ರಿಕೆಗಳು ಒಂದೇ ಪ್ರತಿಯಲ್ಲಿ ತರಗತಿಯಿಂದ ತರಗತಿಗೆ ಓಡಾಡುತ್ತಿದ್ದವು. ಹಾಗೆಯೇ ಒಬ್ಬನು ಬರೆದ ಅಧ್ಯಾಯವು ಬೆಂಚಿನಿಂದ ಬೆಂಚಿಗೆ ಹೋಗಲಿ. ಆಟವನ್ನು ಎಂದೂ ಆಡದ ಒಬ್ಬಳ ಕೈಗೂ ಅದು ಸೇರಲಿ. ಅವಳಿಗೆ ವಜ್ರವೂ ಗೊತ್ತಿಲ್ಲ, ಶತ್ರುವೂ ಗೊತ್ತಿಲ್ಲ. ಅವಳು ಓದಿ ಮುಗಿಸಿ, “ಈ ಊರಿನವರು ರಾತ್ರಿ ಊಟಕ್ಕೆ ಏನು ಮಾಡುತ್ತಾರೆ?” ಎಂದು ಕೇಳಿಯಾಳು. ಬರೆದವನು ಪುಸ್ತಕವನ್ನು ಹಿಂದಕ್ಕೆ ಪಡೆದು ಪೆನ್ಸಿಲನ್ನು ಕೆತ್ತಬೇಕಾಗುತ್ತದೆ.