ಗಾಯಾಳು ಮನೆಗೆ ಮರಳಿದ ಮೇಲೆ

ಗಂಭೀರ ರಸ್ತೆ ಅಪಘಾತವೊಂದು ಕುಟುಂಬದ ಮೇಲೆ ಹೇರುವ ಭಾರದಲ್ಲಿ ಆಸ್ಪತ್ರೆಯ ವಾರಗಳದು ಸಣ್ಣ ಪಾಲು, ಗಾಯಾಳು ಮನೆಗೆ ಮರಳಿದ ನಂತರದ ವರ್ಷಗಳದು ದೊಡ್ಡ ಪಾಲು. ಆದರೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಬಂಧುಬಳಗದ ನೆರವೂ ಸರ್ಕಾರದ ಯೋಜನೆಗಳೂ ಮೊದಲ ಪಾಲಿಗೇ ಖರ್ಚಾಗಿ, ಎರಡನೆಯದು ಶುರುವಾಗುವ ಹೊತ್ತಿಗೆ ಹೆಚ್ಚುಕಡಿಮೆ ತೀರಿಹೋಗಿರುತ್ತವೆ. ವಿಜಯಪುರದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ನವಲಗುಂದವನ್ನು ಹಾದು ಹುಬ್ಬಳ್ಳಿಯ ಮೂಲಕ ಕಲಘಟಗಿ, ಯಲ್ಲಾಪುರಗಳತ್ತ ಸಾಗುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹೆದ್ದಾರಿ 67 ಅಣ್ಣಿಗೇರಿಯನ್ನು ಹಾಯುತ್ತದೆ. ಕುಂದಗೋಳದ ಜನಕ್ಕೂ ದವಾಖಾನೆ, ಮಾರುಕಟ್ಟೆ ಎರಡೂ ಹುಬ್ಬಳ್ಳಿಯೇ. ದೂರದೂರಿನ ಲಾರಿಗಳ ನಡುವೆಯೇ ಹೊಲಕ್ಕೆ ಹೋಗುವ ಬೈಕು, ಸಂತೆಗೆ ಹೊರಟ ಟಂಟಂ, ಕೂಲಿಯಾಳುಗಳನ್ನು ತುಂಬಿಕೊಂಡ ಗೂಡ್ಸ್ ಗಾಡಿ, ಮದುವೆಯ ಕ್ರೂಸರ್ ಎಲ್ಲವೂ ಓಡುವ ರಸ್ತೆಗಳಿವು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರು ಪ್ರಯಾಣಿಸುತ್ತಿದ್ದ ವಾಹನ, 2022ರ ಮೇ ತಿಂಗಳಲ್ಲಿ ಧಾರವಾಡ ತಾಲ್ಲೂಕಿನ ಬಾಡ ಗ್ರಾಮದ ಹತ್ತಿರ ಮದುವೆಯವರ ವಾಹನ, 2025ರ ಜನವರಿ 22ರಂದು ಯಲ್ಲಾಪುರದ ಬಳಿ ಸವಣೂರಿನ ತರಕಾರಿ ವ್ಯಾಪಾರಿಗಳ ಲಾರಿ ಅಪಘಾತಕ್ಕೀಡಾದಾಗ ಪತ್ರಿಕೆಗಳು ಸತ್ತವರ ಲೆಕ್ಕವನ್ನು ಬರೆದವು. ಇಂಥ ಪ್ರತಿಯೊಂದು ಅಪಘಾತದಲ್ಲೂ ಬದುಕುಳಿದವರಿರುತ್ತಾರೆ; ಅವರ ಮುಂದಿನ ವರ್ಷಗಳ ಲೆಕ್ಕವನ್ನು ಬರೆಯುವವರಿಲ್ಲ.

ಮೊದಲ ದಿನಗಳಲ್ಲಿ ಈ ಸೀಮೆಯ ಹಳ್ಳಿಗಳು ತೋರುವ ಅಂತಃಕರಣ ದೊಡ್ಡದು. ಸುದ್ದಿ ತಿಳಿದ ತಾಸಿನೊಳಗೆ ಗಾಡಿ ಮಾಡಿಕೊಂಡು ಹುಬ್ಬಳ್ಳಿಯ ಕಿಮ್ಸ್‌ಗೋ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೋ ಧಾವಿಸುವವರು, ರಕ್ತ ಕೊಡುವವರು, ರೊಟ್ಟಿಯ ಗಂಟು ಕಟ್ಟಿ ಕಳಿಸುವವರು, ಕೈಗಡ ಕೊಟ್ಟು ಮರಳಿ ಕೇಳದವರು ಎಲ್ಲ ಊರುಗಳಲ್ಲೂ ಇದ್ದಾರೆ. ಸರ್ಕಾರವೂ ಈ ಘಟ್ಟಕ್ಕೆ ಒಂದಿಷ್ಟು ವ್ಯವಸ್ಥೆ ಮಾಡಿದೆ. 2025ರ ಮೇ ತಿಂಗಳಲ್ಲಿ ಕೇಂದ್ರವು ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ ಅಪಘಾತವಾದ ದಿನದಿಂದ ಏಳು ದಿನಗಳವರೆಗೆ, ಪ್ರತಿ ಗಾಯಾಳುವಿಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ, ನೋಂದಾಯಿತ ಆಸ್ಪತ್ರೆಯು ಮುಂಗಡ ಹಣ ಕೇಳದೆ ಚಿಕಿತ್ಸೆ ಕೊಡಬೇಕು; ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದ ಅಡಿಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಪ್ರತ್ಯೇಕವಾಗಿ ಸಿಗುತ್ತದೆ. ತಲೆಗೆ ಪೆಟ್ಟು ಬಿದ್ದ ಗಾಯಾಳು ಏಳನೆಯ ದಿನಕ್ಕೆ ಇನ್ನೂ ಪ್ರಜ್ಞೆಗೆ ಬಾರದೆ ಇರುವುದುಂಟು ಎಂಬುದನ್ನು ನೆನೆದರೆ ಈ ಅವಧಿ ತೀರ ಕಿರಿದು. ಆದರೂ ಆರಂಭದ ಆಸರೆಯಾಗಿ ಅದರ ಬೆಲೆ ಕಡಿಮೆಯಲ್ಲ.

ನಿಜವಾದ ಕೊರತೆ ತಲೆದೋರುವುದು ಆಸ್ಪತ್ರೆಯ ಮಂಚ ಖಾಲಿಯಾದ ಮೇಲೆ. ಬೆನ್ನುಹುರಿಗೆ, ಅಂದರೆ ಬೆನ್ನೆಲುಬಿನೊಳಗೆ ಹಾಯ್ದಿರುವ ನರಗಳ ಕಟ್ಟಿಗೆ, ಏಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ, ಒತ್ತಿದ ಜಾಗದ ಚರ್ಮ ಕೊಳೆತು ಹಾಸಿಗೆ ಹುಣ್ಣಾಗುತ್ತದೆ. ಮೂತ್ರನಳಿಕೆಯ ಸ್ವಚ್ಛತೆ ತಪ್ಪಿದರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಮಿದುಳಿಗೆ ಗಾಯವಾದವರದು ಮತ್ತೊಂದು ಬಗೆಯ ಕಷ್ಟ. ನಡೆದಾಡುವಷ್ಟು ಗುಣವಾಗಿದ್ದರೂ ನೆನಪು ನಿಲ್ಲದೆ, ಸಿಟ್ಟು ಹತೋಟಿಗೆ ಬಾರದೆ, ಮೊದಲಿನ ಮನುಷ್ಯನೇ ಅಲ್ಲವೆಂಬಂತೆ ಅವರು ವರ್ತಿಸುವಾಗ, ಇದು ಗಾಯದ ಫಲವೆಂದು ಯಾರೂ ತಿಳಿಸಿ ಹೇಳದ ಮನೆಯವರು ಹಟವೆಂದೋ ಹೊರಗಿನ ಕಾಟವೆಂದೋ ಭಾವಿಸಿ ನೊಂದುಕೊಳ್ಳುತ್ತಾರೆ. ಮೂವತ್ತು–ನಲವತ್ತು ಕಿಲೊಮೀಟರ್ ದೂರದಲ್ಲಿ, ಧಾರವಾಡದಲ್ಲಿ, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಕ್ಕೆಂದೇ ಡಿಮ್ಹಾನ್ಸ್ ಎಂಬ ಸರ್ಕಾರಿ ಸಂಸ್ಥೆಯಿದ್ದರೂ, ಅಲ್ಲಿಗೆ ಹೋಗಬೇಕಾದದ್ದು ಹುಚ್ಚು ಹಿಡಿದವರು ಮಾತ್ರ ಎಂಬ ಅಂಜಿಕೆ ಈ ಕುಟುಂಬಗಳನ್ನು ತಡೆಯುತ್ತದೆ.

ಈ ಎಲ್ಲ ಆರೈಕೆಯ ಹೊಣೆ ಸಾಮಾನ್ಯವಾಗಿ ಒಬ್ಬಳೇ ಹೆಣ್ಣುಮಗಳ ಮೇಲೆ, ಹೆಂಡತಿಯ ಅಥವಾ ತಾಯಿಯ ಮೇಲೆ, ಬೀಳುತ್ತದೆ. ಕುಂದಗೋಳದ ಮೆಣಸಿನಕಾಯಿ ಬಿಡಿಸಲು, ನವಲಗುಂದದ ಎರಿಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವಳು ಮನೆಯಲ್ಲಿ ಉಳಿದರೆ ಗಾಯಾಳುವಿನ ಗಳಿಕೆಯ ಜೊತೆಗೆ ಅವಳ ಕೂಲಿಯೂ ನಿಲ್ಲುತ್ತದೆ. ಮನೆ ಎರಡು ದುಡಿಮೆಗಳನ್ನು ಕಳೆದುಕೊಂಡಿದ್ದರೂ ನೋಡುವವರು ಎಣಿಸುವುದು ಒಂದನ್ನೇ. ಎತ್ತು, ಎಮ್ಮೆ ಮಾರಾಟವಾಗುತ್ತವೆ, ಹೊಲ ಲಾವಣಿಗೋ ಒತ್ತಿಗೋ ಹೋಗುತ್ತದೆ, ಸ್ವಸಹಾಯ ಸಂಘದ ಕಂತು ತಪ್ಪುತ್ತದೆ, ಹೈಸ್ಕೂಲಿನಲ್ಲಿದ್ದ ಮಗಳು ಅಡುಗೆಮನೆಗೆ ಬರುತ್ತಾಳೆ. ಒಳಗೊಳಗೇ ಕುಸಿಯುತ್ತಿರುವ ಇಂಥ ಮನೆಗೆ ಮಾತಾಡಿಸಲು ಬಂದವರು ಹಣ್ಣು ಕೊಟ್ಟು, ಅಪಘಾತ ಹೇಗಾಯಿತೆಂದು ಮತ್ತೊಮ್ಮೆ ಕೇಳಿ, ಹಣೆಬರಹವೆಂದು ನಿಟ್ಟುಸಿರು ಬಿಟ್ಟು ಹೊರಡುತ್ತಾರೆ.

ಅಪಘಾತವನ್ನು ಹಣೆಬರಹಕ್ಕೆ ಬಿಟ್ಟರೆ ಕಾನೂನು ಕೊಟ್ಟಿರುವ ಹಕ್ಕೂ ಕೈತಪ್ಪುತ್ತದೆ. ಆರೈಕೆಯನ್ನು ಹಣದಲ್ಲಿ ಅಳೆಯಬೇಕಾದ ದುಡಿಮೆಯೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಮಿದುಳಿಗೆ ತೀವ್ರ ಪೆಟ್ಟಾಗಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಅದು 2020ರ ಫೆಬ್ರುವರಿಯಲ್ಲಿ ನೀಡಿದ ತೀರ್ಪಿನಲ್ಲಿ, ಇಬ್ಬರು ಆರೈಕೆದಾರರಿಗೆ ತಲಾ 5,000 ರೂಪಾಯಿಯಂತೆ ತಿಂಗಳ ವೆಚ್ಚವನ್ನು ಹಿಡಿದು, ಅದನ್ನು ಗುಣಕದಿಂದ, ಅಂದರೆ ವಯಸ್ಸನ್ನು ಆಧರಿಸಿ ಎಷ್ಟು ವರ್ಷಗಳ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಗೊತ್ತುಮಾಡಿದ ಸಂಖ್ಯೆಯಿಂದ, ಗುಣಿಸಿ 21.6 ಲಕ್ಷ ರೂಪಾಯಿಯನ್ನು ಆರೈಕೆಯ ಬಾಬಿಗೇ ಕೊಡಿಸಿತು. ಹಾಗೆಯೇ ಅಂಗವೈಕಲ್ಯದ ಶೇಕಡಾವಾರು ಪ್ರಮಾಣಕ್ಕೂ ಗಳಿಸುವ ಶಕ್ತಿಯ ನಷ್ಟಕ್ಕೂ ವ್ಯತ್ಯಾಸವಿದೆಯೆಂದು 2010ರಲ್ಲಿ ಅದೇ ನ್ಯಾಯಾಲಯ ವಿವರಿಸಿದೆ: ಕಾಲು ಕಳೆದುಕೊಂಡ ಗುಮಾಸ್ತನು ತನ್ನ ಕೆಲಸದಲ್ಲಿ ಮುಂದುವರಿಯಬಹುದು, ಆದರೆ ನೇಗಿಲು ಹಿಡಿಯುವವನ ಬದುಕು ಅಲ್ಲಿಗೇ ನಿಲ್ಲಬಹುದು.

ಆದರೆ ಈ ಪರಿಹಾರ ಕಾಗದಪತ್ರಗಳಿಲ್ಲದೆ ಸಿಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿ, ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕೆಂದು ವಿಧಿಸಿತು. ಆ ಕಾಲಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದನ್ನೇ ನಂಬಿ ಸುಮ್ಮನಿರುವುದು ಕ್ಷೇಮವಲ್ಲ. ಗೋವೆಯಲ್ಲೋ ಬೆಂಗಳೂರಿನಲ್ಲೋ ಅಪಘಾತವಾದರೂ ಅರ್ಜಿಯನ್ನು ಕುಟುಂಬ ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೇ ಸಲ್ಲಿಸಬಹುದು ಎಂಬ ಸಂಗತಿ ಅನೇಕರಿಗೆ ಗೊತ್ತಿಲ್ಲ. ಡಿಕ್ಕಿ ಹೊಡೆದ ವಾಹನ ಸಿಗದೆ ಹೋದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವುಂಟು. ಗೂಡ್ಸ್ ವಾಹನದಲ್ಲಿ ಕೂತು ಹೋದವರ ವಿಷಯ ಮಾತ್ರ ಹೆಚ್ಚು ತೊಡಕಿನದು: ತನ್ನ ಸರಕಿನೊಂದಿಗೆ ಹೋಗುವ ಮಾಲೀಕನಿಗೆ ವಿಮೆಯ ರಕ್ಷಣೆಯಿದೆ, ಸುಮ್ಮನೆ ಹತ್ತಿಕೊಂಡವರಿಗೆ ಇಲ್ಲವೆಂದು ವಿಮಾ ಕಂಪನಿಗಳು ವಾದಿಸುತ್ತವೆ, ಆ ವಾದವನ್ನು ಉನ್ನತ ನ್ಯಾಯಾಲಯಗಳು ಎತ್ತಿಹಿಡಿದದ್ದೂ ಉಂಟು. ಕೂಲಿಯವರನ್ನು ಹೊಲಕ್ಕೆ ಸಾಗಿಸಲು ಬೇರೆ ಗಾಡಿಯೇ ಇಲ್ಲದ ಹಳ್ಳಿಗಳಲ್ಲಿ ಈ ಭೇದ ಕ್ರೂರವಾದುದು.

ಪರಿಹಾರದ ಹಣ ಬರುವ ತನಕ ಮನೆ ನಡೆಯಬೇಕಲ್ಲ. ಅಲ್ಲಿ ಊರಿನ ಪಾತ್ರವೇ ಮುಖ್ಯ. ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗಿ, ತಮ್ಮ ಸರದಿಗೆ ಅವರನ್ನು ಕರೆಸಿಕೊಳ್ಳುವ ಮುಯ್ಯಾಳು ಪದ್ಧತಿ ಈ ಸೀಮೆಗೆ ಹೊಸತಲ್ಲ. ಮರಳಿ ಮುಯ್ಯಿ ತೀರಿಸಲಾಗದ ಮನೆಗೂ ಅದನ್ನು ಒಂದೆರಡು ವರ್ಷ ವಿಸ್ತರಿಸಿ, ಮುಂಗಾರಿಗೆ ಹೆಸರನ್ನೂ ಹಿಂಗಾರಿಗೆ ಕಡಲೆಯನ್ನೂ ಊರವರೇ ಬಿತ್ತಿಕೊಟ್ಟರೆ ಹೊಲ ಒತ್ತಿಗೆ ಹೋಗುವುದು ತಪ್ಪುತ್ತದೆ. ಆಸ್ಪತ್ರೆಯಲ್ಲಿ ಕೈಗಿಡುವ ಸಾವಿರ ರೂಪಾಯಿಗಿಂತ ಇದು ಹೆಚ್ಚಿನ ಉಪಕಾರ.

ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ವ್ಯಯಿಸಬೇಕೆಂಬ ನಿಯಮವಿದೆ, ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಗಾಯಾಳುವನ್ನೇ ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿಸುವ ಬದಲು, ಎಫ್‌ಐಆರ್, ಪಂಚನಾಮೆ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳನ್ನು ಕೂಡಿಸಿಡುವ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಮುಟ್ಟಿಸುವ ಕೆಲಸವನ್ನು ಇವರಿಗೆ ಒಪ್ಪಿಸಬಹುದು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಕೇರಳವು ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳ ಧನಸಹಾಯ ಕೊಡುತ್ತ ಬಂದಿದೆ. ಮೊತ್ತ ಚಿಕ್ಕದಾದರೂ ಆರೈಕೆ ಮಾಡುವವಳನ್ನು ಸರ್ಕಾರ ಗುರುತಿಸುವುದು ದೊಡ್ಡ ಸಂಗತಿ, ಮತ್ತು ಅಪಘಾತದಿಂದ ಹಾಸಿಗೆ ಹಿಡಿದವರ ಮನೆಗಳಿಗೂ ಕರ್ನಾಟಕ ಅಂಥ ನೆರವನ್ನು ಕೊಡಬೇಕು. ಅದರ ಜೊತೆಗೆ ಆಸ್ಪತ್ರೆಯಿಂದ ಬಿಡುಗಡೆ ಮಾಡುವ ಮುನ್ನ ಮಗ್ಗುಲು ಬದಲಿಸುವುದನ್ನೂ ನಳಿಕೆ ಶುಚಿಗೊಳಿಸುವುದನ್ನೂ ಹೆಂಡತಿಯೊಬ್ಬಳಿಗೇ ಅಲ್ಲದೆ ಮನೆಯ ಇನ್ನಿಬ್ಬರಿಗೆ, ಅವರಲ್ಲಿ ಒಬ್ಬ ಗಂಡಸಿಗೆ, ಕಡ್ಡಾಯವಾಗಿ ಕಲಿಸಿ ಕಳಿಸಬೇಕು. ಆಗ ಪಂಚಮಿಗೆ ನಾಲ್ಕು ದಿನ ತವರಿಗೆ ಹೋಗಿಬರಲು ಅವಳು ಯಾರನ್ನೂ ಬೇಡಬೇಕಾಗುವುದಿಲ್ಲ.